ಮಳೆ ಪುಸ್ತಕ: ಒಂದು ಮನೆಯ ನಿಸರ್ಗ ದಿನಚರಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಕೆ ತೋಟದ ಮನೆಗಳಲ್ಲಿ, ಆಳಿನ ಲೆಕ್ಕ ಮತ್ತು ಅಡಕೆ ವಖಾರಿಯ ಲೆಕ್ಕಗಳ ಜೊತೆಗೆ ಮಳೆಯ ಲೆಕ್ಕವನ್ನೂ ಬರೆದಿಡುವ ರೂಢಿ ಅಲ್ಲಲ್ಲಿ ಇತ್ತು, ಕೆಲವೆಡೆ ಈಗಲೂ ಉಳಿದಿದೆ. ಈ ರೂಢಿಯ ಬೇರು ಕುತೂಹಲಕ್ಕಿಂತ ಹೆಚ್ಚಾಗಿ ಬೇಸಾಯದಲ್ಲಿದೆ. ಮಳೆಗಾಲದ ಬಿಡದ ತೇವದಲ್ಲಿ ಎಳೆಯ ಅಡಕೆ ಕೊಳೆತು ಉದುರುವ ಕೊಳೆ ರೋಗವನ್ನು ತಡೆಯಲು, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ತಯಾರಿಸುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಅದಾದ ಸುಮಾರು 40-45 ದಿನಗಳಿಗೆ ಇನ್ನೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕಾಗುತ್ತದೆ. ಆ ಎರಡನೆಯ ಮದ್ದಿಗೆ ಬೇಕಾದ ಹೊಳವು, ಎಂದರೆ ಮಳೆ ಬಿಟ್ಟು ಬಿಸಿಲು ಕಾಣುವ ನಾಲ್ಕಾರು ದಿನಗಳ ಬಿಡುವು, ಯಾವ ವರ್ಷ ಯಾವಾಗ ಸಿಕ್ಕಿತ್ತೆಂಬ ದಾಖಲೆ ಮುಂದಿನ ವರ್ಷಗಳ ಅಂದಾಜಿಗೆ ಆಧಾರವಾಗುತ್ತದೆ. ಹೀಗೆ ಕೊಳೆಯ ಭಯದಿಂದ ಹುಟ್ಟಿದ ಮಳೆ ಪುಸ್ತಕವೊಂದು 1980ರ ದಶಕದಲ್ಲಿ ಸಿದ್ದಾಪುರ ಸೀಮೆಯ ಒಂದು ಕೂಡು ಕುಟುಂಬದಲ್ಲಿ ಹಕ್ಕಿ, ಹೂ, ಹುಳ, ಹಣ್ಣುಗಳ ದಾಖಲೆಯಾಗಿ ಬೆಳೆದದ್ದು ಈ ಬರಹದ ವಿಷಯ. ಪ್ರಸ್ತುತ ಲೇಖಕಿ ಆ ಮನೆಯ ಮಗಳು, ಆ ನೋಟ್‌ಬುಕ್ಕುಗಳ ಒಂದು ಪಾಲು ಅವಳ ಬಾಲ್ಯದ ಕೈಬರಹದಲ್ಲಿದೆ.

ನಿಸರ್ಗ ದಿನಚರಿ ಎಂದರೆ ಸುತ್ತಲಿನ ಜೀವಜಗತ್ತಿನಲ್ಲಿ ಕಂಡದ್ದನ್ನು, ಕಂಡ ದಿನ ಮತ್ತು ಕಂಡ ಜಾಗದ ಸಮೇತ, ಕ್ರಮ ತಪ್ಪದೆ ಬರೆದಿಡುವ ಪುಸ್ತಕ. ಮರ ಚಿಗುರುವುದು, ಹೂ ಬಿಡುವುದು, ವಲಸೆ ಹಕ್ಕಿ ಬಂದಿಳಿಯುವುದು, ಕಪ್ಪೆ ವಟಗುಟ್ಟಲು ತೊಡಗುವುದು ಮುಂತಾದ ಋತುಬದ್ಧ ಘಟನೆಗಳ ಕಾಲವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಫೀನಾಲಜಿ ಎಂದು ಹೆಸರು. ಬೆಲ್ಜಿಯಂ ದೇಶದ ಸಸ್ಯವಿಜ್ಞಾನಿ ಚಾರ್ಲ್ಸ್ ಮಾರೆನ್ 1849ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಆದರೆ ಹೆಸರಿಗಿಂತ ಎಷ್ಟೋ ಮೊದಲೇ ಕೆಲಸವಿತ್ತು, ಮತ್ತು ಕನ್ನಡದ ರೈತರಲ್ಲಿ ಆ ಕೆಲಸಕ್ಕೆ ಒಂದು ಸಿದ್ಧ ಚೌಕಟ್ಟೂ ಇತ್ತು. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ ಎಂಬ ಪಂಚಾಂಗದ ಗಣನೆಯಂತೆ ಒಂದೊಂದು ನಕ್ಷತ್ರದ ಪಾಲಿಗೆ 13 ಅಥವಾ 14 ದಿನ ಬರುತ್ತದೆ, ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರೇ ಸಲ್ಲುತ್ತದೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಹೊರಟು ಭರಣಿ, ಕೃತ್ತಿಕೆ, ರೋಹಿಣಿಗಳನ್ನು ಕಳೆದು ಜೂನ್ ಎರಡನೆಯ ವಾರದ ಮೃಗಶಿರಕ್ಕೆ ಮಳೆಗಾಲ ಹಿಡಿದು, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾಗಳಲ್ಲಿ ಸುರಿದು, ನವೆಂಬರ್‌ನ ವಿಶಾಖಾ ಹೊತ್ತಿಗೆ ಮುಗಿಯುವ ಈ ಸರಣಿ ಮನೆಯ ಅಜ್ಜನ ಪುಸ್ತಕದ ಮೊದಲ ಕಂಬಸಾಲಿನಲ್ಲಿತ್ತು, ಎರಡನೆಯದರಲ್ಲಿ ಇಂಗ್ಲಿಷ್ ತಾರೀಖು ಇತ್ತು. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾದ್ದರಿಂದ ಮಳೆ ನಕ್ಷತ್ರಗಳು ಋತುವಿನ ಎದುರು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಜಾರುತ್ತವೆ. ಒಂದು ಮನೆಯ ದಾಖಲೆಯ ಆಯುಷ್ಯದಲ್ಲಿ ಇದು ಲೆಕ್ಕಕ್ಕೆ ಬರುವಂಥದ್ದಲ್ಲ. ಹದಿನಾಲ್ಕು ದಿನಗಳ ಈ ಕಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಲು ತಿಂಗಳಿಗಿಂತ ಹೆಚ್ಚು ಅನುಕೂಲವಾದದ್ದು ಎಂಬುದನ್ನು ಆ ಪುಸ್ತಕಗಳನ್ನು ಓದಿದ ಯಾರೂ ಒಪ್ಪಬೇಕಾಗುತ್ತದೆ.

ಮಳೆಯನ್ನು ಅಳೆಯುವ ಕ್ರಮ ಸರಳವಾಗಿತ್ತು. ಬದಿಗಳು ನೆಟ್ಟಗಿರುವ ಡಬ್ಬಿಯೊಂದನ್ನು ಮರದ ನೆರಳು ತಾಕದ ಅಂಗಳದ ತುದಿಯಲ್ಲಿ ಇಟ್ಟು, ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿ ಬರೆಯುವುದು ಅಜ್ಜನ ಕಾಲದ ಪದ್ಧತಿ. ಮುಂದೆ ತಂದೆ ಅಳತೆಯ ಗೆರೆಗಳಿದ್ದ ಮಳೆಮಾಪಕ ತಂದರು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಎಂಬ ಲೆಕ್ಕವನ್ನು ಮಕ್ಕಳು ಶಾಲೆಗಿಂತ ಮೊದಲು ಅಂಗಳದಲ್ಲಿ ಕಲಿತರು. ಭಾರತೀಯ ಹವಾಮಾನ ಇಲಾಖೆ ಹಿಂದಿನ 24 ಗಂಟೆಗಳ ಮಳೆಯನ್ನು ಬೆಳಗಿನ 8:30ಕ್ಕೆ ದಾಖಲಿಸುತ್ತದೆ. ಮನೆಯಲ್ಲೂ ಅದೇ ಸಮಯವನ್ನು, ಬೆಳಗಿನ ಆಸರಿ ಮುಗಿದು ತಂದೆ ತೋಟಕ್ಕೆ ಇಳಿಯುವ ಮೊದಲಿನ ಹೊತ್ತನ್ನು, ಗಟ್ಟಿಯಾಗಿ ಹಿಡಿದುಕೊಳ್ಳಲಾಯಿತು. ದಿನವೂ ಒಂದೇ ಹೊತ್ತಿಗೆ ಪುಸ್ತಕ ಬಿಚ್ಚಿಕೊಳ್ಳುತ್ತಿದ್ದುದೇ ಮಳೆಯಲ್ಲದ ಸಂಗತಿಗಳೂ ಅದರೊಳಗೆ ಸೇರಲು ಕಾರಣವಾಯಿತು. ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ ಮೊದಲು ಈಸಲು ಹುಳ, ಅಂದರೆ ಮೊದಲ ಮಳೆಗೆ ನೆಲದಿಂದ ರೆಕ್ಕೆ ಕಟ್ಟಿಕೊಂಡು ಏಳುವ ಗೆದ್ದಲು, ಬಂದವು. ಆಮೇಲೆ ಮೇ ಕೊನೆಯ ಮಿಂಚುಹುಳಗಳು, ಮರದ ಕೊಂಬೆಯ ಮೇಲೆ ಅರಳುವ ಸೀತಾಳೆ ದಂಡೆ, ಮಳೆಗಾಲದ ಬೆಳಗಿನಲ್ಲಿ ಹಳ್ಳದ ಬದಿಯಿಂದ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿ ಬಂದವು. ಹೀಗೆ ಮಳೆಯ ಕಂಬಸಾಲಿನ ಅಂಚಿನಲ್ಲಿ ಬರೆದದ್ದು ಕೆಲವೇ ವರ್ಷಗಳಲ್ಲಿ ಪುಟದ ಮುಖ್ಯ ಭಾಗವಾಯಿತು.

ಒಬ್ಬ ನಿಸರ್ಗಾಸಕ್ತನು ಬರೆಯುವ ದಿನಚರಿಗೂ ಕುಟುಂಬವೊಂದು ಸೇರಿ ಬರೆಯುವ ದಿನಚರಿಗೂ ಇರುವ ವ್ಯತ್ಯಾಸ ಇಲ್ಲಿಂದ ಕಾಣಿಸತೊಡಗುತ್ತದೆ. ಹವ್ಯಾಸಿಯು ನೋಡಲೆಂದೇ ಹೊರಗೆ ಹೋಗುತ್ತಾನೆ, ಆದರೆ ಆ ಮನೆಯಲ್ಲಿ ನೋಡಲೆಂದೇ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಪ್ರತಿಯೊಬ್ಬರ ಕೆಲಸ ಅವರವರನ್ನು ನಿಸರ್ಗದ ಒಂದೊಂದು ಮೂಲೆಗೆ ಕರೆದೊಯ್ಯುತ್ತಿತ್ತು, ಅವರು ಕಂಡದ್ದು ಆ ಮೂಲೆಯಲ್ಲಿ ಕಂಡದ್ದಾಗಿತ್ತು. ಅಜ್ಜಿಯ ಲೋಕ ಹಿತ್ತಲು: ಮೊದಲ ಮಳೆಗಳ ನಂತರ ತಂಬುಳಿಗೆ ಒದಗುವ ಕನ್ನೆಕುಡಿ ಎಂದು ಚಿಗುರಿತು, ಒಂದೆಲಗ ಎಲ್ಲಿ ಹಬ್ಬಿತು, ಅಪ್ಪೆಮಿಡಿಯ ಮರ ಈ ಸಲ ಮಿಡಿ ನಿಲ್ಲಿಸಿಕೊಂಡಿತೋ ಕರಕಲಿಗೆ ಉದುರಿಸಿತೋ ಎಂಬುದು ಅವರ ವರದಿ. ತಾಯಿಯದು ಕೊಟ್ಟಿಗೆ ಮತ್ತು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಬೇಕಾದ ಹಸಿರೆಲೆ ಮತ್ತು ದರಕನ್ನು (ಒಣಗಿ ಉದುರಿದ ಎಲೆಯನ್ನು) ತರಲು ತೋಟಿಗರಿಗೆ ಹಕ್ಕಾಗಿ ಬಿಟ್ಟಿರುವ ಕಾಡಿನ ಭಾಗ. ಮತ್ತಿ, ಹೊನ್ನೆ, ನಂದಿಗಳಲ್ಲಿ ಯಾವುದು ಮೊದಲು ಎಲೆ ಕಳಚಿತು, ಯಾವುದು ಮೊದಲು ಚಿಗುರಿತು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಚಿಕ್ಕಪ್ಪ ತುಡವೆ ಜೇನಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದುದರಿಂದ ಯಾವ ಹೂವಿಗೆ ಜೇನು ತುಂಬುತ್ತದೆ ಎಂಬುದು ಅವರ ಪುಟಗಳಲ್ಲಿದೆ, ನೇರಲು ಹೂವಿನ ವಾರಗಳಲ್ಲಂತೂ ಬೇರೆ ಯಾರ ಬರಹಕ್ಕೂ ಅಲ್ಲಿ ಜಾಗವಿಲ್ಲ. ತಂದೆಯದು ತೋಟ, ಹೀಗಾಗಿ ಅಡಕೆ ಹಾಳುಗೆಡಹುವ ಮಂಗ, ಕೆಂಜಳಿಲುಗಳು ಅವರ ಕೈಬರಹದಲ್ಲಿವೆ.

ಉಪ್ಪಾಗೆಯ ವಿಚಾರ ಈ ಕೂಡುನೋಟಕ್ಕೆ ಒಳ್ಳೆಯ ಉದಾಹರಣೆ. ಮಳೆಗಾಲದಲ್ಲಿ ಹಣ್ಣಾಗುವ ಈ ಕಾಡುಮರದ ಹುಳಿ ಸಿಪ್ಪೆಯನ್ನು ಒಲೆಯ ಹೊಗೆಯಲ್ಲಿ ಒಣಗಿಸಿ ಮಾರುವುದು, ಬೀಜದಿಂದ ತುಪ್ಪ ತೆಗೆಯುವುದು ಆ ಸೀಮೆಯ ಹಳೆಯ ಕಸುಬು. 1990ರ ದಶಕದಲ್ಲಿ ತೂಕ ಇಳಿಸುವ ಔಷಧಗಳಿಗಾಗಿ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದ ಮೇಲೆ ಕಾಡಿಗೆ ಹೋಗುವವರು ಹೆಚ್ಚಾದರು. ಅದೇ ಹಣ್ಣು ಸಿಂಗಳೀಕಗಳ ಮಳೆಗಾಲದ ಆಹಾರವೂ ಹೌದು, ಅಘನಾಶಿನಿ ಕಣಿವೆಯ ಕಾಡು ಆ ಅಪರೂಪದ ಕೋತಿಗೆ ಮುಖ್ಯ ನೆಲೆ, 2011ರಲ್ಲಿ ಅಲ್ಲಿ ಅದಕ್ಕಾಗಿಯೇ ಸಂರಕ್ಷಿತ ಪ್ರದೇಶವೊಂದು ಘೋಷಣೆಯಾಯಿತು. ಮಳೆ ಪುಸ್ತಕದಲ್ಲಿ ತಾಯಿ ಉಪ್ಪಾಗೆ ಹಣ್ಣಿನ ಇಳುವರಿ ಬರೆದಿದ್ದಾರೆ, ಚಿಕ್ಕಪ್ಪ ಅದರ ಹೂವನ್ನು ಬರೆದಿದ್ದಾರೆ, ತಂದೆ ಕಣಿವೆಯ ಕಡೆಗೆ ಹೋದಾಗ ಕಂಡ ಸಿಂಗಳೀಕದ ಗುಂಪನ್ನು ಬರೆದಿದ್ದಾರೆ, ಸಿಪ್ಪೆಯ ದರವನ್ನು ಅಜ್ಜ ಬರೆದಿದ್ದಾರೆ. ನಾಲ್ವರೂ ಒಂದೇ ಮರದ ಕಥೆ ಬರೆಯುತ್ತಿದ್ದೇವೆಂದು ತಿಳಿದು ಬರೆದದ್ದಲ್ಲ. ಪುಸ್ತಕ ಒಂದೇ ಆಗಿದ್ದರಿಂದ ಅವು ಒಂದರ ಪಕ್ಕ ಒಂದು ಬಂದು ಕುಳಿತವು.

ಪುಸ್ತಕಕ್ಕೆ ಎರಡು ಕಟ್ಟಳೆಗಳಿದ್ದವು. ಕಂಡವರ ಹೆಸರಿನ ಮೊದಲಕ್ಷರವನ್ನು ಪ್ರತಿ ಸಾಲಿನ ಕೊನೆಗೆ ಹಾಕಬೇಕು, ಮತ್ತು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದು ಹಾಕಬಾರದು. ಒಪ್ಪದಿದ್ದವರು ಕೆಳಗೆ ತಮ್ಮ ಮಾತನ್ನು ಬರೆಯಬಹುದು, ಅಷ್ಟೇ. ಅಕ್ಷರ ಬಾರದ ಅಜ್ಜಿ ಹೇಳಿದ್ದನ್ನು ಮಕ್ಕಳು ಬರೆದಾಗಲೂ ಸಾಲಿನ ಕೊನೆಗೆ ಬೀಳುತ್ತಿದ್ದುದು ಅಜ್ಜಿಯ ಅಕ್ಷರವೇ. ಹಿರಿಯರ ಮಾತಿಗೆ ಎದುರಾಡದ ಮನೆಯಲ್ಲಿ ಎಂಟು ವರ್ಷದ ಹುಡುಗನ ಸಾಲು ಅಜ್ಜನ ಸಾಲಿನ ಕೆಳಗೆ ಅದಕ್ಕೆ ವಿರುದ್ಧವಾಗಿ ನಿಲ್ಲಬಹುದಾಗಿದ್ದ ಜಾಗ ಅದೊಂದೇ ಇತ್ತು, ಮತ್ತು ಈ ಕಟ್ಟಳೆಯೇ ಆ ದಿನಚರಿಯ ದೊಡ್ಡ ಗುಣ ಎಂಬುದು ಲೇಖಕಿಯ ದೃಢವಾದ ಅಭಿಪ್ರಾಯ. ಒಂದು ಮಳೆಗಾಲದಲ್ಲಿ ಲೇಖಕಿಯ ತಮ್ಮ, ಹಳ್ಳದ ಬದಿಯ ಕೊಂಬೆಯೊಂದರ ಮೇಲೆ ಕಪ್ಪೆ ಮಣ್ಣು ಮೆತ್ತುತ್ತಿತ್ತು ಎಂದು ಬರೆಸಿದ. ಕಪ್ಪೆ ಮಣ್ಣು ಮೆತ್ತುವುದಿಲ್ಲ, ಅದು ಕಣಜದ ಗೂಡಿರಬೇಕು ಎಂದು ಚಿಕ್ಕಪ್ಪ ಕೆಳಗೆ ಬರೆದರು. 2014ರಲ್ಲಿ ಸಂಶೋಧಕರು ಕುಂಬಾರ ಕಪ್ಪೆಯೆಂಬ ಹೊಸ ಪ್ರಭೇದವನ್ನು ವಿವರಿಸಿದರು, ಅದರ ವೈಜ್ಞಾನಿಕ ಹೆಸರಿನಲ್ಲೂ ಕನ್ನಡದ ‘ಕುಂಬಾರ’ ಶಬ್ದವೇ ಇದೆ. ಇದರ ಗಂಡು ತೊರೆಯ ತಳದ ಮಣ್ಣನ್ನು ಮುಂಗೈಗಳಲ್ಲಿ ತಂದು ಮೊಟ್ಟೆಗಳ ಮೇಲೆ ಬಳಿಯುತ್ತದೆ, ಕತ್ತಲೆಕಾನಿನಂಥ ಉತ್ತರ ಕನ್ನಡದ ಕಾಡುಗಳೇ ಇದರ ಮನೆ. ತಮ್ಮ ಕಂಡದ್ದು ಇದೇ ಕಪ್ಪೆ ಎಂದು ಆ ಒಂದು ಸಾಲಿನಿಂದ ಸಾಧಿಸಲಾಗದು, ಕಪ್ಪೆಯ ಗಾತ್ರವಾಗಲಿ ಮೊಟ್ಟೆಯಾಗಲಿ ಅದರಲ್ಲಿ ದಾಖಲಾಗಿಲ್ಲ. ಆದರೆ ಸಾಲು ಹೊಡೆದು ಹೋಗಿದ್ದರೆ ಪ್ರಶ್ನೆಯೇ ಉಳಿಯುತ್ತಿರಲಿಲ್ಲ.

ಅಜ್ಜಿ ಬರೆಸಿದ ಸಾಲುಗಳಲ್ಲಿ ಒಂದು ವಿಶೇಷವಿತ್ತು, ಅವರು ಇಂದಿನದರ ಜೊತೆಗೆ ಹಿಂದಿನದನ್ನೂ ಹೇಳುತ್ತಿದ್ದರು. ತಾವು ಮದುವೆಯಾಗಿ ಬಂದ ಹೊಸತರಲ್ಲಿ ಬೆಟ್ಟದ ಹೆಬ್ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟು ಒಣಗಿದ್ದು, ಹೆಂಗಸರು ನೆಲ ಗುಡಿಸಿ ಬಿದಿರಕ್ಕಿ ಒಟ್ಟು ಮಾಡಿದ್ದು, ಆ ವರ್ಷ ಇಲಿಗಳ ಕಾಟ ಗದ್ದೆಗೂ ಕಣಜಕ್ಕೂ ಬಂದದ್ದು ಹೀಗೆ ದಾಖಲಾಯಿತು. ಹೆಬ್ಬಿದಿರು ಸಾಮಾನ್ಯವಾಗಿ 40ರಿಂದ 50 ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂ ಬಿಡುತ್ತದೆ, ಬೀಜ ಕಟ್ಟಿದ ಮೇಲೆ ಮೆಳೆಗಳೆಲ್ಲ ಸಾಯುತ್ತವೆ. ಬೀಜ ಅಪಾರವಾಗಿ ಬೀಳುವುದರಿಂದ ಇಲಿಗಳ ಸಂತತಿ ಒಮ್ಮೆಲೇ ಬೆಳೆದು, ಬೀಜ ಮುಗಿದಾಗ ಬೆಳೆಯ ಕಡೆಗೆ ತಿರುಗುತ್ತದೆ. ಇಂಥ ಘಟನೆಯನ್ನು ಪ್ರಾಯದಲ್ಲಿ ಒಮ್ಮೆ, ಮುಪ್ಪಿನಲ್ಲಿ ಒಮ್ಮೆ ಕಾಣುವುದು ಒಬ್ಬ ಮನುಷ್ಯನ ಪಾಲಿಗೆ ಒದಗಬಹುದಾದ ಗರಿಷ್ಠ ಮಿತಿ. ಅಜ್ಜಿ ತೀರಿಕೊಂಡು ಎಷ್ಟೋ ಕಾಲದ ಮೇಲೆ ಅದೇ ಬೆಟ್ಟದ ಬಿದಿರು ಮತ್ತೆ ಹೂ ಬಿಟ್ಟದ್ದನ್ನು ಮೊಮ್ಮಕ್ಕಳು ಬರೆದಾಗ ಎರಡು ಹೂವುಗಳೂ ಒಂದೇ ದಾಖಲೆಯೊಳಗೆ ಬಂದವು. ಅಜ್ಜಿಯ ಹೇಳಿಕೆಯಲ್ಲಿ ತಾರೀಖಿಲ್ಲ, ಇಸವಿಯೂ ಇಲ್ಲ, ಮದುವೆಯ ಕಾಲವೊಂದೇ ಇದೆ; ಮನೆಯ ಲಗ್ನಪತ್ರಿಕೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ ಕಾಲವನ್ನು ಅಂದಾಜು ಮಾಡಬೇಕಾಯಿತು.

ಎಲ್ಲ ಸಾಲುಗಳೂ ಕುತೂಹಲದಿಂದ ಬಂದವಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಸೋಂಕಿತ ಉಣುಗುಗಳ ಕಡಿತದಿಂದ ಮನುಷ್ಯರಿಗೆ ತಗಲುತ್ತದೆ, ಚಳಿಗಾಲದಿಂದ ಬೇಸಗೆಯವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ, ಮತ್ತು ಕಾಡಿನಲ್ಲಿ ಮಂಗಗಳು ಸಾಯುವುದು ಅದರ ಮುನ್ಸೂಚನೆ. ಸೊಪ್ಪು ದರಕಿಗಾಗಿ ದಿನವೂ ಬೆಟ್ಟಕ್ಕೆ ಹೋಗುವ ಮನೆಗೆ ಇದು ಜೀವದ ಪ್ರಶ್ನೆ. ಸತ್ತ ಮಂಗ ಕಂಡರೆ ಜಾಗದ ಸಮೇತ ಕೆಂಪು ಶಾಯಿಯಲ್ಲಿ ಬರೆದು, ಆರೋಗ್ಯ ಕೇಂದ್ರಕ್ಕೆ ಸುದ್ದಿ ಕಳಿಸಿ, ಆ ದಿಕ್ಕಿನ ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸುತ್ತಿದ್ದರು. ಪುಸ್ತಕ ತಿರುವಿದಾಗ ಆ ಕೆಂಪು ಸಾಲುಗಳು ಈಗಲೂ ಎದೆಗೆ ತಾಗುತ್ತವೆ.

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಭೂಮಾಲೀಕ ರಾಬರ್ಟ್ ಮಾರ್ಶಮ್ 1736ರಲ್ಲಿ ಇಂಥದ್ದೇ ದಾಖಲೆಯೊಂದನ್ನು ಆರಂಭಿಸಿದ ಸಂಗತಿ ಲೇಖಕಿಗೆ ತಿಳಿದದ್ದು ಬಹಳ ತಡವಾಗಿ. ಮೊದಲ ಹೂ, ಓಕ್ ಮರದ ಮೊದಲ ಎಲೆ, ಕಪ್ಪೆಯ ಮೊದಲ ದನಿ, ಸ್ವಾಲೋ ಹಕ್ಕಿ ವಲಸೆಯಿಂದ ಮರಳಿದ ದಿನ ಮುಂತಾದುವನ್ನು ‘ವಸಂತದ ಸೂಚನೆಗಳು’ ಎಂದು ಕರೆದು ಅವನು ಬರೆದಿಟ್ಟ, 1789ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ್ನು ಪ್ರಕಟಿಸಿದ. 1797ರಲ್ಲಿ ಅವನು ತೀರಿಕೊಂಡ ಮೇಲೂ ವಂಶದವರು ತಲೆಮಾರಿನಿಂದ ತಲೆಮಾರಿಗೆ ಕೆಲಸವನ್ನು ಮುಂದುವರಿಸಿದರು, ನಡುವೆ ಬಿಡುವುಗಳಿದ್ದರೂ ದಾಖಲೆ 1958ರವರೆಗೆ ಬಂದಿತು. ಬೆಚ್ಚಗಿನ ವರ್ಷಗಳಲ್ಲಿ ಮರಗಳು ಬೇಗ ಎಲೆ ಬಿಡುತ್ತವೆ ಎಂಬುದನ್ನು ಅಳೆದು ತೋರಿಸಲು ಇಪ್ಪತ್ತನೆಯ ಶತಮಾನದ ಕೊನೆಯ ವಿಜ್ಞಾನಿಗಳಿಗೆ ಒದಗಿದ ಮುಖ್ಯ ಆಧಾರಗಳಲ್ಲಿ ಅದೂ ಒಂದು. ವಿಸ್ತಾರವಾದ ಜಮೀನು ಮತ್ತು ಬಿಡುವಿದ್ದ ಆ ಕುಟುಂಬವನ್ನು ಮಲೆನಾಡಿನ ಅಡಕೆ ತೋಟದ ಮನೆಗೆ ನೇರವಾಗಿ ಹೋಲಿಸಲು ಬಾರದು. ಆದರೂ ಇಂಥ ಎಲ್ಲ ದಾಖಲೆಗಳನ್ನೂ ಕಾಡುವ ಒಂದು ತೊಡಕು ಇಬ್ಬರಿಗೂ ಸಮಾನ: ‘ಮೊದಲ ಸಲ ಕಂಡದ್ದು’ ಎಂಬ ದಿನ ಪ್ರಾಣಿಯನ್ನು ಅವಲಂಬಿಸಿದಷ್ಟೇ ನೋಡುವವರನ್ನೂ ಅವಲಂಬಿಸಿರುತ್ತದೆ.

ಈ ತೊಡಕು ಮಳೆ ಪುಸ್ತಕದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬೂದು ಸಿಪಿಲೆಯ ಸಾಲುಗಳಲ್ಲಿ. ಹಿಮಾಲಯ ಮತ್ತು ಅದರಾಚೆಯ ನಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ, ಹೊಟ್ಟೆ ಹಳದಿಯಾದ, ಸದಾ ಬಾಲ ಕುಣಿಸುವ ಈ ಹಕ್ಕಿ ಪಶ್ಚಿಮ ಘಟ್ಟಗಳಿಗೆ ಬರುವ ವಲಸೆ ಹಕ್ಕಿಗಳಲ್ಲಿ ಮುಂಚಿನದು. ಮನೆಯಲ್ಲಿ ಅದನ್ನು ಬಾಲ ಕುಣಿಸುವ ಹಕ್ಕಿ ಎನ್ನುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಮನೆಗೆ ಬಂದ ಮೇಲೆ ಹಕ್ಕಿಗಳ ಹೆಸರುಗಳು ಒಂದು ಹದಕ್ಕೆ ಬಂದವು. ಮೊದಲ ವರ್ಷಗಳ ಪುಟಗಳಲ್ಲಿ ಸಿಪಿಲೆ ಉತ್ತರಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಲ್ಲಿ, ತಪ್ಪದೆ ಬರುತ್ತದೆ. ಆಮೇಲಿನ ಪುಟಗಳಲ್ಲಿ ಅದು ಚಿತ್ತಾಕ್ಕೆ ಜಾರುತ್ತದೆ, ಕೆಲವು ವರ್ಷ ಕಾಣುವುದೇ ಇಲ್ಲ. ಹವಾಮಾನ ಬದಲಾಗಿ ವಲಸೆ ತಡವಾಯಿತೆಂದು ಇದನ್ನು ಓದಲು ಮನಸ್ಸು ಒಲಿಯುತ್ತದೆ, ಆದರೆ ಸಾಲಿನ ಕೊನೆಯ ಅಕ್ಷರಗಳನ್ನು ನೋಡಿದರೆ ಬೇರೆಯೇ ಕಾರಣ ಹೊರಡುತ್ತದೆ. ಮೊದಲ ಪುಟಗಳ ಸಿಪಿಲೆಗಳನ್ನೆಲ್ಲ ಕಂಡವರು ಶಾಲೆಗೆ ಹೋಗುವ ಮಕ್ಕಳು; ಅವರು ದಿನಕ್ಕೆರಡು ಸಲ ಹಳ್ಳದ ಸಂಕ, ಎಂದರೆ ಅಡಕೆ ಮರದ ಕಾಲುಸೇತುವೆ, ದಾಟುತ್ತಿದ್ದರು, ಸಿಪಿಲೆ ಬಂದಿಳಿಯುವುದು ಆ ಹಳ್ಳದ ಕಲ್ಲುಗಳ ಮೇಲೆಯೇ. ಲೇಖಕಿ ಹೈಸ್ಕೂಲು ಮುಗಿಸಿ ಹಾಸ್ಟೆಲು ಸೇರಿದ ವರ್ಷದಿಂದ ತಾರೀಖು ತಡವಾಗಿದೆ, ತಮ್ಮನೂ ಹೋದ ಮೇಲೆ ಇನ್ನಷ್ಟು ತಡವಾಗಿದೆ, ರಸ್ತೆಯಾಗಿ ಮುಂದಿನ ತಲೆಮಾರಿನ ಮಗು ಅಂಗಳದಲ್ಲೇ ಶಾಲೆಯ ವಾಹನ ಹತ್ತತೊಡಗಿದ ಮೇಲೆ ಸಾಲು ನಿಂತಿದೆ. ಹಕ್ಕಿಯ ಪ್ರಯಾಣದಲ್ಲಿ ಏನಾಯಿತೆಂಬುದಕ್ಕೆ ಇದು ಸಾಕ್ಷಿಯಲ್ಲ, ಮನೆಯಿಂದ ಮಕ್ಕಳು ಹೊರಟುಹೋದದ್ದಕ್ಕೆ ಸಾಕ್ಷಿ.

ಇದೇ ಕಾರಣಕ್ಕೆ ಕುಟುಂಬದ ನಿಸರ್ಗ ದಿನಚರಿಯನ್ನು ಆ ಕುಟುಂಬದ ಚರಿತ್ರೆಯ ಜೊತೆಗಿಟ್ಟೇ ಓದಬೇಕು ಎಂದು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅಜ್ಜಿ ಹಾಸಿಗೆ ಹಿಡಿದ ಮೇಲೆ ಹಿತ್ತಲಿನ ಕುಡಿಗಳು ಪುಸ್ತಕದಿಂದ ಮರೆಯಾದವು, ಹಿತ್ತಲಿನಿಂದಲ್ಲ. ಚಿಕ್ಕಪ್ಪನವರು ಪಾಲಾಗಿ ಬೇರೆ ಮನೆ ಕಟ್ಟಿಕೊಂಡ ವರ್ಷ ಜೇನು ಹೂಗಳ ಸರಣಿ ತುಂಡಾಯಿತು. ಮಳೆಯ ಅಂಕಿಗಳು ಮಾತ್ರ ಈ ಏರುಪೇರುಗಳಿಗೆ ಸಿಗದೆ ಉಳಿದಿವೆ, ಏಕೆಂದರೆ ಅವನ್ನು ದಿನವೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಯಾರಾದರೊಬ್ಬರು ತೆಗೆದಿದ್ದಾರೆ. ದೇಶದ ಜುಲೈ ಮಳೆ ವಾಡಿಕೆಯ ಅರ್ಧದಷ್ಟಕ್ಕೆ ಕುಸಿದ 2002ರ ಬತ್ತಿದ ಪುನರ್ವಸುವೂ, ಹೊಳೆಗಳೆಲ್ಲ ಉಕ್ಕಿದ 2019ರ ಆಗಸ್ಟಿನ ಆಶ್ಲೇಷಾವೂ ಅಲ್ಲಿ ಅಷ್ಟೇ ನಂಬಿಕೆಗೆ ಅರ್ಹವಾಗಿ ನಿಂತಿವೆ. ಅಂಕಿಗಳಷ್ಟೇ ಬೆಲೆಯುಳ್ಳವು ತಾಯಿಯ ಕೆಲವು ಸಾಲುಗಳು. ಏನೂ ಕಾಣದ ದಿನ ಅವರು ಪುಟವನ್ನು ಖಾಲಿ ಬಿಡದೆ ‘ನೋಡಿದೆ, ಇಲ್ಲ’ ಎಂದು ಬರೆಯುತ್ತಿದ್ದರು. ನೋಡದೇ ಇದ್ದ ದಿನಕ್ಕೂ ನೋಡಿ ಕಾಣದೇ ಇದ್ದ ದಿನಕ್ಕೂ ಇರುವ ಅಂತರವನ್ನು ಯಾವ ತರಬೇತಿಯೂ ಇಲ್ಲದೆ ಗುರುತಿಸಿದ ಆ ಎರಡು ಪದಗಳು ಇಡೀ ದಾಖಲೆಯಲ್ಲಿ ಲೇಖಕಿಗೆ ಅತ್ಯಂತ ಹೆಮ್ಮೆಯವು.

ಈಗ ಇಂಥ ಕೆಲಸಕ್ಕೆ ಸಾರ್ವಜನಿಕ ವೇದಿಕೆಗಳಿವೆ. ಹಕ್ಕಿಗಳ ದಾಖಲೆಗೆ ಇ-ಬರ್ಡ್ ಇದೆ; ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಜನ ನೋಡಿದಿರಿ ಎಂದು ಅದು ಕೇಳುವುದು ಮೇಲೆ ಹೇಳಿದ ತೊಡಕನ್ನು ಅರಿತೇ. ಮರಗಳಿಗಾಗಿ ಸೀಸನ್‌ವಾಚ್ ಎಂಬ ಭಾರತೀಯ ಜನವಿಜ್ಞಾನ ಯೋಜನೆ, ಅಂದರೆ ಸಾಮಾನ್ಯ ಜನರು ಸೇರಿ ವೈಜ್ಞಾನಿಕ ಮಾಹಿತಿ ಕಲೆಹಾಕುವ ಯೋಜನೆ, ಇದೆ. ಅದರಲ್ಲಿ ಒಂದೇ ಮರವನ್ನು ವಾರವಾರವೂ ನೋಡಿ ಚಿಗುರು, ಹೂ, ಕಾಯಿಗಳು ಇಲ್ಲ, ಸ್ವಲ್ಪ, ತುಂಬ ಎಂದು ಗುರುತಿಸಬೇಕು. ‘ಇಲ್ಲ’ ಎಂಬುದಕ್ಕೆ ಅಲ್ಲಿಯೂ ಒಂದು ಮನೆ ಇರುವುದನ್ನು ಕಂಡು ತಾಯಿ ಆ ಕ್ರಮವನ್ನು ತಕ್ಷಣ ಒಪ್ಪಿಕೊಂಡರು, ಕೊಟ್ಟಿಗೆಯ ಹಿಂದಿನ ಹಲಸಿನ ಮರವನ್ನು ಆರಿಸಿಕೊಂಡರು. ಹಳೆಯ ನೋಟ್‌ಬುಕ್ಕುಗಳನ್ನು ಒಲೆಯ ಮೇಲಿನ ಅಟ್ಟದಿಂದ, ಬೂಸ್ಟು ಹಿಡಿಯದಿರಲೆಂದು ಅಜ್ಜ ಇರಿಸಿದ್ದ ಹೊಗೆಯ ಜಾಗದಿಂದ, ಇಳಿಸಿ ಪುಟಪುಟವಾಗಿ ಚಿತ್ರ ತೆಗೆದು ಇಡಲಾಗಿದೆ. ಹೊಸ ಪುಸ್ತಕದಲ್ಲಿ ನಕ್ಷತ್ರ ಮತ್ತು ತಾರೀಖುಗಳ ಪಕ್ಕದಲ್ಲಿ ಮೂರನೆಯ ಕಂಬಸಾಲೊಂದು ಸೇರಿದೆ, ಆ ವಾರ ಮನೆಯಲ್ಲಿ ಯಾರಾರು ಇದ್ದರು ಎಂಬುದನ್ನು ಅದರಲ್ಲಿ ಬರೆಯಲಾಗುತ್ತದೆ. ಬೆಂಗಳೂರಿನಲ್ಲಿರುವ ಮೊಮ್ಮಕ್ಕಳು ತಮ್ಮ ಬೀದಿಯ ಹೊಂಗೆ ಮರದ ಚಿಗುರನ್ನೂ ಸೇರಿಸಬೇಕೆಂದು ಕೇಳಿದಾಗ, ಅಲ್ಲಿಯ ಮಳೆ ಬೇರೆ, ಇಲ್ಲಿಯ ಮಳೆ ಬೇರೆ, ಒಂದೇ ಪುಟದಲ್ಲಿ ಬರೆದರೆ ಲೆಕ್ಕ ಕೆಡುತ್ತದೆ ಎಂದು ತಾಯಿ ತೀರ್ಮಾನಿಸಿದರು. ಹೊಂಗೆ ಮರವನ್ನು ಈಗ ಅದೇ ಪುಸ್ತಕದ ಹಿಂಬದಿಯಿಂದ, ಕಂಡವರ ಮೊದಲಕ್ಷರದ ಸಮೇತ, ಬರೆದುಕೊಂಡು ಬರಲಾಗುತ್ತಿದೆ.